ಎರೆಮಣ್ಣಿನ ಸೀಮೆಗೆ ಹಳೆಯ ಫೋರ್ ಬೈ ಫೋರ್ ಗಾಡಿ: ಕೊಳ್ಳುವ ಮುನ್ನ ನೋಡಬೇಕಾದದ್ದು

ಡಾಂಬರು ರಸ್ತೆಯ ಮೇಲಷ್ಟೇ ಓಡಿಸಿ ನೋಡಿ ಕೊಂಡ ಫೋರ್ ಬೈ ಫೋರ್ ಗಾಡಿಯನ್ನು, ಅಂದರೆ ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಕಳಿಸಬಲ್ಲ ಗಾಡಿಯನ್ನು, ಅರ್ಧ ನೋಡಿ ಕೊಂಡಂತೆಯೇ ಸರಿ. ಮುಂದಿನ ಗಾಲಿಗಳಿಗೆ ಬಲ ಒಯ್ಯುವ ಟ್ರಾನ್ಸ್‌ಫರ್ ಕೇಸ್, ಮುಂದಿನ ಪ್ರೊಪೆಲ್ಲರ್ ಶಾಫ್ಟ್ (ಬಲ ಒಯ್ಯುವ ದಂಡ), ಮುಂದಿನ ಡಿಫರೆನ್ಷಿಯಲ್ (ಎಡಬಲ ಗಾಲಿಗಳಿಗೆ ಬಲ ಹಂಚುವ ಗೇರುಗಳು), ಗಾಲಿಯ ನಡುವಿನ ಹಬ್‌ಗಳು ಇವೆಲ್ಲ ಊರೊಳಗಿನ ಓಡಾಟದಲ್ಲಿ ಹೆಚ್ಚಿನ ಕೆಲಸವಿಲ್ಲದೆ ಇರುತ್ತವೆ. ಅವು ಪೂರ್ತಿ ಕೆಟ್ಟಿದ್ದರೂ ಗಾಡಿ ಹುಬ್ಬಳ್ಳಿಯ ಗೋಕುಲ ರಸ್ತೆಯ ಮೇಲೆ ಚೆನ್ನಾಗಿಯೇ ಓಡುತ್ತದೆ.

ಹುಬ್ಬಳ್ಳಿಯಲ್ಲಿ ನಾನು ಮೊದಲ ಸಲ ಕೊಳ್ಳಲು ಹೋದ ಹಳೆಯ ಡೀಸೆಲ್ ಜೀಪಿನ ಸ್ಥಿತಿ ಹಾಗೆಯೇ ಇತ್ತು. ಎಂಜಿನ್ ಒಂದೇ ಸೆಲ್ಫ್ ಸ್ಟಾರ್ಟಿಗೆ ಶುರುವಾಯಿತು, ಬಣ್ಣ ಹೊಸದಾಗಿತ್ತು, ಟೈರುಗಳೂ ಹೊಸವು, ಗೇರ್ ಲಿವರಿನ ಪಕ್ಕದ ಸಣ್ಣ ಲಿವರ್ ಕೂಡ ಫೋರ್ ಲೋಗೆ (ನಾಲ್ಕೂ ಗಾಲಿಯ ನಿಧಾನದ ಗೇರಿಗೆ) ಸಲೀಸಾಗಿ ಬಿದ್ದಿತು. ಮಾರುವವರನ್ನು ಒಪ್ಪಿಸಿ ನವಲಗುಂದದ ಕಡೆಯ ಒಂದು ಚಕ್ಕಡಿ ದಾರಿಗೆ ಗಾಡಿ ಇಳಿಸಿದೆವು. ಪುಡಿಮಣ್ಣಿನಲ್ಲಿ ಹಿಂದಿನ ಗಾಲಿಗಳು ನಿಂತಲ್ಲೇ ತಿರುಗತೊಡಗಿದಾಗ ಜೊತೆಗೆ ಬಂದಿದ್ದ ಗೆಳೆಯ ಬಗ್ಗಿ ನೋಡಿದ. ಮುಂದಿನ ಗಾಲಿಗಳು ಅಲುಗಾಡಿರಲಿಲ್ಲ. ಕೆಳಗೆ ಮಲಗಿ ಬ್ಯಾಟರಿ ಬೆಳಕು ಹಿಡಿದರೆ, ಟ್ರಾನ್ಸ್‌ಫರ್ ಕೇಸಿನಿಂದ ಮುಂದಕ್ಕೆ ಹೋಗಬೇಕಾದ ಶಾಫ್ಟೇ ಅಲ್ಲಿರಲಿಲ್ಲ. ಶಾಫ್ಟ್ ಕೂಡಬೇಕಾದ ಚಪ್ಪಟೆ ಕಬ್ಬಿಣದ ಮುಖದಲ್ಲಿ ನಾಲ್ಕು ಬೋಲ್ಟಿನ ತೂತುಗಳಿದ್ದವು, ನಾಲ್ಕರಲ್ಲೂ ಗ್ರೀಸು ಮತ್ತು ಮಣ್ಣು ತುಂಬಿ ಕಲ್ಲಿನಂತೆ ಗಟ್ಟಿಯಾಗಿತ್ತು. ಡೀಸೆಲ್ ಉಳಿಯಲೆಂದೋ ಸಪ್ಪಳ ಕಡಿಮೆಯಾಗಲೆಂದೋ ಯಾರೋ ಎಷ್ಟೋ ವರ್ಷಗಳ ಹಿಂದೆ ಅದನ್ನು ಬಿಚ್ಚಿಟ್ಟಿದ್ದರು, ಈಗ ಮಾರಲು ತಂದವರಿಗೂ ಅದು ತಿಳಿದಿರಲಿಲ್ಲ. ಅಂದಿನಿಂದ ಇಂದಿನವರೆಗೆ ನಾನು ಗೆಳೆಯರಿಗಾಗಿ ನೋಡಿದ ಪ್ರತಿಯೊಂದು ಹಳೆಯ ಗಾಡಿಯನ್ನೂ ಈ ಲೇಖನದಲ್ಲಿ ಹೇಳಿರುವ ಕ್ರಮದಲ್ಲಿಯೇ ನೋಡಿದ್ದೇನೆ.

ಮೊದಲು ನೆಲ, ಆಮೇಲೆ ಗಾಡಿ

ಯಾವ ಗಾಡಿ ಕೊಳ್ಳಬೇಕು ಎಂಬ ಪ್ರಶ್ನೆಗೆ ಮುನ್ನ, ಶನಿವಾರ ಭಾನುವಾರ ನೀವು ಯಾವ ನೆಲದ ಮೇಲೆ ಹೋಗುವವರು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಹುಬ್ಬಳ್ಳಿಯ ಸುತ್ತಲಿನ ನಮ್ಮ ಸೀಮೆಯಲ್ಲಿ ಮೂರು ಬಗೆಯ ನೆಲ ಸಿಗುತ್ತದೆ. ಅಣ್ಣಿಗೇರಿ, ನವಲಗುಂದ, ನರಗುಂದ, ರೋಣದ ಕಡೆ ಎರೆ, ಅಂದರೆ ಕಪ್ಪು ಜೇಡಿಮಣ್ಣು. ಶಿರಹಟ್ಟಿ, ಮುಂಡರಗಿಯ ಕಡೆ, ಕಪ್ಪತಗುಡ್ಡದ ಸುತ್ತಮುತ್ತ ಮಸಾರಿ (ಕೆಂಪು ಮಣ್ಣು) ಮತ್ತು ಗರಸು (ಸಣ್ಣ ಕಲ್ಲು ಬೆರೆತ ಮಣ್ಣು). ಕಲಘಟಗಿ, ಅಳ್ನಾವರ, ಹಾನಗಲ್ಲಿನ ಕಡೆ ಮಲೆನಾಡಿನ ಸೆರಗು, ಅಲ್ಲಿ ಕೆಂಪು ಜಾರು ಮಣ್ಣು ಮತ್ತು ಹಳ್ಳಗಳು.

ಇವುಗಳಲ್ಲಿ ಹೊಸಬರು ತಪ್ಪಾಗಿ ಅಂದಾಜು ಮಾಡುವುದು ಎರೆಯನ್ನು. ಬೇಸಿಗೆಯಲ್ಲಿ ಅದು ಬಾಯಿಬಿಟ್ಟು ಸಿಮೆಂಟಿನಷ್ಟು ಗಟ್ಟಿಯಾಗಿರುತ್ತದೆ, ಸಣ್ಣ ಕಾರೂ ಅದರ ಮೇಲೆ ಹೋಗುತ್ತದೆ. ಒಂದು ಹದವಾದ ಮಳೆ ಬಿದ್ದರೆ ಅದರಲ್ಲಿರುವ ಜೇಡಿ ನೀರು ಕುಡಿದು ಉಬ್ಬಿ, ಟೈರಿನ ಹಲ್ಲುಗಳ ನಡುವೆ ತುಂಬಿಕೊಂಡು, ಎಂತಹ ಒರಟು ಟೈರನ್ನೂ ನುಣುಪಾದ ಉರುಳೆಯನ್ನಾಗಿ ಮಾಡಿಬಿಡುತ್ತದೆ. ಇನ್ನಷ್ಟು ದೂರ ಹೋದರೆ ಮಡ್‌ಗಾರ್ಡಿನೊಳಗೆ ಮೆತ್ತಿದ ಮಣ್ಣು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಇಂಥ ಹೊತ್ತಿನಲ್ಲಿ ರೈತರು ಟ್ರ್ಯಾಕ್ಟರನ್ನೂ ಹೊಲಕ್ಕೆ ಇಳಿಸುವುದಿಲ್ಲ, ಹದ ಬರುವವರೆಗೆ ಕಾಯುತ್ತಾರೆ. ನಾವೂ ಕಾಯಬೇಕು. ಹಸಿ ಎರೆಯಲ್ಲಿ ಬಿದ್ದ ಗಾಲಿಯ ಆಳವಾದ ಗೆರೆ ಒಣಗಿದ ಮೇಲೆ ಚಕ್ಕಡಿಯ ದಾರಿಯನ್ನೇ ಹಾಳುಮಾಡುತ್ತದೆ, ಅದರ ಕಷ್ಟ ಆ ಊರಿನವರ ಪಾಲಿಗೆ. ಗಾಡಿಯ ಆಯ್ಕೆಗೆ ಸಂಬಂಧಿಸಿ ಇದರಿಂದ ತಿಳಿಯುವುದು ಇಷ್ಟು: ಎರೆಯ ಸೀಮೆಯಲ್ಲಿ ತೂಕವೇ ಮೊದಲ ಶತ್ರು, ಎಂಜಿನ್ನಿನ ಕುದುರೆಶಕ್ತಿ ಅಲ್ಲಿ ಲೆಕ್ಕಕ್ಕೆ ಬರುವುದು ಬಹಳ ಆಮೇಲೆ.

ಮಸಾರಿ ಮತ್ತು ಗರಸಿನ ಮೇಲೆ ಹಿಡಿತ ಚೆನ್ನಾಗಿರುತ್ತದೆ, ಅಲ್ಲಿ ಬೇಕಾದದ್ದು ನೆಲದಿಂದ ಎತ್ತರ ಮತ್ತು ಟೈರಿನ ಗಟ್ಟಿ ಪಕ್ಕೆ. ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಗಿದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವೂ ಹಾಗೆಯೇ ಕಾನೂನಿನ ರಕ್ಷಣೆಯಲ್ಲಿದೆ. ಅಂಥ ಕಡೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು ಅಪರಾಧ. ಹೊಲದ ಬದುವಿನ ದಾರಿಯಲ್ಲಿ ಹೋಗುವಾಗಲೂ ಹೊಲದವರನ್ನು ಒಂದು ಮಾತು ಕೇಳಿ ಹೋಗುವುದು ಸರಿಯಾದ ನಡವಳಿಕೆ. ಇನ್ನು ಬೆಣ್ಣೆಹಳ್ಳದಂಥ ಹಳ್ಳಗಳು ಮೇಲೆಲ್ಲೋ ಸುರಿದ ಮಳೆಗೆ ಕೆಳಗೆ ಒಮ್ಮೆಲೇ ಉಕ್ಕುತ್ತವೆ, ಮಳೆಗಾಲದಲ್ಲಿ ಅವುಗಳನ್ನು ಗಾಡಿಯಲ್ಲಿ ದಾಟುವ ಯೋಚನೆಯನ್ನು ಯಾವ ಗಾಡಿ ಕೊಂಡವರೂ ಮಾಡಬಾರದು.

ಯಾವುದು ನಿಜವಾದ ಫೋರ್ ಬೈ ಫೋರ್

ಮಾರಾಟದ ಮಾತಿನಲ್ಲಿ ಎತ್ತರದ ಗಾಡಿಗಳೆಲ್ಲ ಫೋರ್ ಬೈ ಫೋರ್ ಆಗಿಬಿಡುತ್ತವೆ. ನಮಗೆ ಬೇಕಾದದ್ದು ಮೂರು: ಬಾಡಿಯಿಂದ ಬೇರೆಯಾದ ಏಣಿಯಾಕಾರದ ಚಾಸಿಸ್ (ಗಾಡಿಯ ಕಬ್ಬಿಣದ ಚೌಕಟ್ಟು), ನಾಲ್ಕೂ ಗಾಲಿಗೆ ಬಲ ಕಳಿಸುವ ಟ್ರಾನ್ಸ್‌ಫರ್ ಕೇಸ್, ಅದರಲ್ಲಿ ಲೋ ರೇಂಜ್ ಗೇರ್. ಲೋ ರೇಂಜಿನಲ್ಲಿ ಗಾಡಿಯ ವೇಗ ಬಹಳಷ್ಟು ಕೆಳಗಿಳಿದು ಗಾಲಿಗೆ ಬರುವ ಬಲ ಅಷ್ಟರಮಟ್ಟಿಗೆ ಹೆಚ್ಚುತ್ತದೆ. ಇಳಿಜಾರಿನಲ್ಲಿ ಬ್ರೇಕಿಗೆ ಕಾಲಿಡದೆ ಎಂಜಿನ್ನಿನ ಹಿಡಿತದಲ್ಲೇ ನಿಧಾನವಾಗಿ ಇಳಿಯಲು ಸಾಧ್ಯವಾಗುವುದೂ ಅದರಿಂದಲೇ. ಡಸ್ಟರ್‌ನ ಆಲ್ ವೀಲ್ ಡ್ರೈವ್ ಮಾದರಿಯಂಥವು ಮಳೆಯ ಘಟ್ಟದ ರಸ್ತೆಗೆ ಉತ್ತಮ ಗಾಡಿಗಳು, ಆದರೆ ಅವುಗಳಲ್ಲಿ ಲೋ ರೇಂಜ್ ಇಲ್ಲ, ಆದ್ದರಿಂದ ಈ ಲೇಖನದ ಲೆಕ್ಕಕ್ಕೆ ಅವು ಬರುವುದಿಲ್ಲ.

ಹಳೆಯ ಗಾಡಿಗಳ ಸಂತೆಯಲ್ಲಿ ನಮ್ಮ ಕಡೆ ಸಿಗುವವುಗಳಲ್ಲಿ ಮಾರುತಿ ಜಿಪ್ಸಿಯನ್ನು ನಾನು ಮೊದಲು ಹೇಳುತ್ತೇನೆ. 1985ರಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂದ ಈ ಗಾಡಿಗೆ ಮುಂದೆ 1.3 ಲೀಟರ್ ಎಂಜಿನ್ ಬಂತು. 2000ದಿಂದೀಚಿನ, ಇಂಜೆಕ್ಷನ್ (ಪೆಟ್ರೋಲನ್ನು ಅಳೆದು ಸಿಂಪಡಿಸುವ ವ್ಯವಸ್ಥೆ) ಇರುವ 1.3 ಲೀಟರಿನ ಜಿಪ್ಸಿ ಕಿಂಗ್ ಕೊಳ್ಳುವುದು ಒಳ್ಳೆಯದು. ಇದರ ತೂಕ ಒಂದು ಟನ್ನಿನ ಆಸುಪಾಸು ಮಾತ್ರ. ಎರೆಯಲ್ಲಿ ಎರಡು ಟನ್ನಿನ ಗಾಡಿ ಹೂತುಕೊಳ್ಳುವ ಜಾಗದಲ್ಲಿ ಜಿಪ್ಸಿ ಮೇಲ್ಮೈಯಲ್ಲೇ ತೇಲಿದಂತೆ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ, ಹೂತರೂ ನಾಲ್ಕು ಜನ ಸೇರಿ ನೂಕಿ ತೆಗೆಯಬಹುದು. ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್ (ಕಬ್ಬಿಣದ ಪಟ್ಟಿಗಳ ಸ್ಪ್ರಿಂಗ್) ಇರುವುದರಿಂದ ಕುಲುಕಾಟ ಹೆಚ್ಚು, ಪೆಟ್ರೋಲ್ ಖರ್ಚೂ ಕಡಿಮೆಯೇನಲ್ಲ. ಸೇನೆಯಿಂದ ಹರಾಜಾಗಿ ಬಂದ ಜಿಪ್ಸಿಯಾದರೆ ಕಾಗದಪತ್ರಗಳನ್ನು ಎರಡು ಸಲ ನೋಡಬೇಕು. ಸೇನೆಯ ಆಲಿವ್ ಹಸಿರು ಬಣ್ಣವನ್ನು ಖಾಸಗಿ ಗಾಡಿಗೆ ಬಳಿಯುವುದನ್ನು ಮೋಟಾರು ವಾಹನ ನಿಯಮಗಳು ನಿಷೇಧಿಸಿವೆ, ಹಾಗಾಗಿ ಆ ಬಣ್ಣದಲ್ಲೇ ಮಾರುತ್ತಿದ್ದರೆ ಬಣ್ಣ ಬದಲಿಸುವ ಖರ್ಚೂ ನಿಮ್ಮದಾಗುತ್ತದೆ.

ಮಹೀಂದ್ರಾದ ಹಳೆಯ ಜೀಪುಗಳಿಗೆ ಬಿಡಿಭಾಗ ತಾಲ್ಲೂಕು ಊರಿನಲ್ಲಿಯೂ ಸಿಗುತ್ತದೆ, ಹಳ್ಳಿಯ ಮೆಕ್ಯಾನಿಕ್ಕಿಗೂ ಅವುಗಳ ಕೆಲಸ ಗೊತ್ತು. ಆದರೆ ಎಲ್ಲ ಜೀಪೂ ಫೋರ್ ಬೈ ಫೋರ್ ಅಲ್ಲ, ಬಹಳಷ್ಟು ಹಿಂದಿನ ಎರಡು ಗಾಲಿಯಿಂದಷ್ಟೇ ಓಡುವಂಥವು. 2010ರಲ್ಲಿ ಬಂದ ಮೊದಲ ಥಾರ್‌ನ ಸಿಆರ್‌ಡಿಇ ಮಾದರಿ, 2.5 ಲೀಟರಿನ 105 ಕುದುರೆಶಕ್ತಿಯ ಡೀಸೆಲ್ ಎಂಜಿನ್ ಉಳ್ಳದ್ದು, ನಮ್ಮ ಕೆಲಸಕ್ಕೆ ಬಹಳ ಒಗ್ಗುವ ಗಾಡಿ. ಅದರ ಡಿಐ ಮಾದರಿಯಲ್ಲಿ ಎರಡು ಗಾಲಿಯದೂ ಇತ್ತು ಎಂಬುದನ್ನು ಮರೆಯಬಾರದು. 2020ರ ಅಕ್ಟೋಬರಿನಲ್ಲಿ ಬಂದ ಹೊಸ ಥಾರ್ ಮೊದಲಿಗೆ ಫೋರ್ ಬೈ ಫೋರ್ ಮಾತ್ರವೇ ಆಗಿತ್ತು. 2023ರ ಜನವರಿಯಿಂದ ಹಿಂದಿನ ಗಾಲಿಯದೂ ಮಾರಾಟಕ್ಕೆ ಬಂದದ್ದರಿಂದ, ಹೊರಗಿನಿಂದ ಒಂದೇ ತರ ಕಾಣುವ ಎರಡರ ನಡುವೆ ಗೇರ್ ಲಿವರಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಲಿವರ್ ಇದೆಯೇ ಎಂದು ನೋಡಿ ಗುರುತಿಸಬೇಕು. ಭಾರತ್ ಸ್ಟೇಜ್ 6 ಎಂಬ ಹೊಗೆ ನಿಯಮಕ್ಕೆ ಒಳಪಟ್ಟ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ನಿಧಾನದ ಓಡಾಟವೇ ಹೆಚ್ಚಾದರೆ ಅದು ಕಟ್ಟಿಕೊಳ್ಳುತ್ತದೆ, ಆದ್ದರಿಂದ ಅದರ ದೀಪ ಎಷ್ಟು ಸಲ ಹೊತ್ತಿತ್ತು ಎಂದು ಕೇಳಬೇಕು.

ಸ್ಕಾರ್ಪಿಯೊ ಮತ್ತು ಹಳೆಯ ಸಫಾರಿಯ ಫೋರ್ ಬೈ ಫೋರ್ ಮಾದರಿಗಳು ಮನೆಮಂದಿಯೆಲ್ಲ ಕೂತು ಹೋಗಲು ಅನುಕೂಲ, ಆದರೆ ಭಾರ. ಅವುಗಳಲ್ಲಿ ಲಿವರ್ ಬದಲು ತಿರುಗಿಸುವ ಗುಂಡಿ ಇದ್ದು ಒಳಗೆ ಒಂದು ಸಣ್ಣ ಮೋಟಾರು ಕೆಲಸ ಮಾಡುತ್ತದೆ. ವರ್ಷಗಟ್ಟಲೆ ಬಳಸದೆ ಬಿಟ್ಟರೆ ಆ ಮೋಟಾರು ಹಿಡಿದುಕೊಳ್ಳುತ್ತದೆ. ಫೋರ್ಸ್ ಗೂರ್ಖಾದಲ್ಲಿ ಮುಂದಿನ ಮತ್ತು ಹಿಂದಿನ ಎರಡೂ ಡಿಫರೆನ್ಷಿಯಲ್‌ಗೆ ಎಡಬಲ ಗಾಲಿಗಳನ್ನು ಒಟ್ಟಿಗೆ ತಿರುಗಿಸುವ ಲಾಕ್ ಇದೆ, ಈ ಬೆಲೆಯ ಬೇರೆ ಗಾಡಿಯಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ, ಆದರೆ ಬಿಡಿಭಾಗಕ್ಕೆ ಕಾಯುವ ತಾಳ್ಮೆ ಬೇಕು. 2023ರ ಜೂನಿನಲ್ಲಿ ಬಂದ ಜಿಮ್ನಿ ಹಗುರ, ಪೆಟ್ರೋಲಿನದು, ಜಿಪ್ಸಿಯ ಗುಣಗಳನ್ನೇ ಹೆಚ್ಚು ಸುಖದೊಂದಿಗೆ ಕೊಡುತ್ತದೆ. ಹಣ ಹೊಂದುವುದಾದರೆ ನಾನು ಹೊಸಬರಿಗೆ ಅದನ್ನೇ ಹೇಳುತ್ತೇನೆ, ಇಲ್ಲವಾದರೆ ಒಳ್ಳೆಯ ಮಾಲಕರ ಕೈಯಲ್ಲಿದ್ದ ಜಿಪ್ಸಿ ಕಿಂಗ್ ಅಥವಾ ಸಿಆರ್‌ಡಿಇ ಥಾರ್.

ಗಾಡಿ ನೋಡುವ ಮುನ್ನ ಕಾಗದ

ಕಾಗದ ಸರಿಯಿಲ್ಲದ ಗಾಡಿಯನ್ನು ನೋಡಲು ಹೋಗುವುದೇ ಬೇಡ. ನೋಂದಣಿ ಸಂಖ್ಯೆ ಕೇಳಿ ಪಡೆದು ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ನೋಂದಣಿಯ ಅವಧಿ, ವಿಮೆ, ಇಂಧನದ ಬಗೆ ಮುಂತಾದವು ಮನೆಯಲ್ಲೇ ಕೂತು ತಿಳಿಯುತ್ತವೆ. ಬಾಕಿ ದಂಡವನ್ನೂ ಆನ್‌ಲೈನ್‌ನಲ್ಲೇ ನೋಡಿಕೊಳ್ಳಬಹುದು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆದ್ದರಿಂದ ಹದಿನಾಲ್ಕು ವರ್ಷದ ಗಾಡಿಯ ಬೆಲೆ ಮಾತಾಡುವಾಗ ನವೀಕರಣದ ಖರ್ಚನ್ನೂ, ಅದಕ್ಕಾಗಿ ಆಗಬೇಕಾದ ರಿಪೇರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೆಎ 25, 63, 26, 27, 68 ಎಂದು ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ, ರಾಣೆಬೆನ್ನೂರಿನ ಗಾಡಿಗಳಾದರೆ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ವರ್ಗಾವಣೆ ಮಾಡಿಸುವುದು ಸುಲಭ. ಸಾಲದ ನಮೂದು ಇದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರದ ಜೊತೆ ಫಾರ್ಮ್ 35 ಬೇಕು. ಹೊರರಾಜ್ಯದ ಗಾಡಿಯಾದರೆ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ಮರುನೋಂದಣಿ ಮಾಡಿಸಿ, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ದೆಹಲಿಯ ಸುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಬಂದ ನಿರ್ಬಂಧದಿಂದಾಗಿ ಅಲ್ಲಿಯ ಗಾಡಿಗಳು ಅಗ್ಗವಾಗಿ ಕಾಣುತ್ತವೆ, ತೆರಿಗೆ ಸೇರಿಸಿ ನೋಡಿದಾಗ ಅಗ್ಗ ಉಳಿಯುವುದು ಅಪರೂಪ. ಗೋವಾ ಮತ್ತು ಕಾರವಾರದ ಕಡೆಯ ಗಾಡಿಗಳ ಎಂಜಿನ್ ಚೆನ್ನಾಗಿದ್ದರೂ ಉಪ್ಪುಗಾಳಿಯ ತುಕ್ಕು ಕೆಳಗೆ ಕೂತಿರುತ್ತದೆ, ಅವುಗಳನ್ನು ನಾನು ಬಹಳ ಎಚ್ಚರದಿಂದ ನೋಡುತ್ತೇನೆ.

ಮಾರ್ಪಾಡುಗಳ ವಿಷಯದಲ್ಲಿ ಒಂದು ಮಾತು. ಬೇರೆ ಎಂಜಿನ್ ಕೂಡಿಸಿದ, ಚಾಸಿಸ್ ಕತ್ತರಿಸಿ ಗಿಡ್ಡ ಮಾಡಿದ, ಬಾಡಿಯ ಆಕಾರ ಬದಲಿಸಿದ ಜೀಪುಗಳು ಎಷ್ಟು ಚೆಂದ ಕಂಡರೂ ಬೇಡ. ತಯಾರಕರ ವಿವರಣೆಗೆ ವಿರುದ್ಧವಾದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಒಪ್ಪುವುದಿಲ್ಲ, 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಸ್ಪಷ್ಟಪಡಿಸಿದೆ. ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಚಾಸಿಸ್ ಮೇಲಿನ ಸಂಖ್ಯೆಯನ್ನು ಒರೆಸಿ, ಆರ್‌ಸಿಯಲ್ಲಿರುವುದರೊಂದಿಗೆ ಒಂದೊಂದೇ ಅಕ್ಷರ ಹೊಂದಿಸಿ ನೋಡಬೇಕು. ಎಂಜಿನ್ ಸಂಖ್ಯೆಗೂ ಹಾಗೆಯೇ.

ಕೆಳಗೆ ಮಲಗಿ ನೋಡುವುದು

ಬೆಳಿಗ್ಗೆ ಹೋಗಬೇಕು, ಗಾಡಿಯನ್ನು ಶುರುಮಾಡಿ ಇಡಬೇಡಿರೆಂದು ಮೊದಲೇ ಹೇಳಿರಬೇಕು. ಬಿಸಿಯಾದ ಎಂಜಿನ್ ತನ್ನ ಅರ್ಧ ರೋಗವನ್ನು ಮುಚ್ಚಿಡುತ್ತದೆ. ಬ್ಯಾಟರಿ ದೀಪ, ಒಂದು ಉದ್ದನೆಯ ಸ್ಕ್ರೂಡ್ರೈವರ್, ಸಣ್ಣ ಅಯಸ್ಕಾಂತ, ಹಳೆಯ ಅರಿವೆ ಮತ್ತು ನೆಲಕ್ಕೆ ಹಾಸಲು ಒಂದು ಗೋಣಿಚೀಲ ಜೊತೆಗಿರಲಿ. ವಾಹನ ಎತ್ತುವ ಸೌಕರ್ಯ ಇರುವ ಗ್ಯಾರೇಜಿನಲ್ಲಿ ನೋಡಲು ಮಾರುವವರು ಒಪ್ಪಿದರೆ ಇನ್ನೂ ಒಳ್ಳೆಯದು. ಒಪ್ಪದಿದ್ದರೆ ಆ ಗಾಡಿಯನ್ನು ಬಿಟ್ಟು ಮುಂದೆ ಹೋಗಬಹುದು.

ಬಾಡಿಯ ಡೊಂಕನ್ನು ತಿದ್ದಬಹುದು, ಎಂಜಿನ್ ಬಿಚ್ಚಿ ಕಟ್ಟಿಸಬಹುದು, ಸೀಳಿದ ಚಾಸಿಸ್ಸಿಗೆ ಮಾತ್ರ ಮದ್ದಿಲ್ಲ. ಆದ್ದರಿಂದ ಹೆಚ್ಚಿನ ಸಮಯ ಅಲ್ಲೇ ಕಳೆಯಬೇಕು. ಲೀಫ್ ಸ್ಪ್ರಿಂಗಿನ ತುದಿಗಳು ಚಾಸಿಸ್ಸಿಗೆ ಕೂಡುವ ಜಾಗ, ಸ್ಟಿಯರಿಂಗ್ ಬಾಕ್ಸ್ ಕೂತಿರುವ ಜಾಗ, ಶಾಕ್ ಅಬ್ಸಾರ್ಬರಿನ ಮೇಲ್ತುದಿ, ಅಡ್ಡಪಟ್ಟಿಗಳ ಮೂಲೆ, ಈ ನಾಲ್ಕು ಕಡೆ ಕೂದಲೆಳೆಯಂಥ ಬಿರುಕಿದೆಯೇ, ವೆಲ್ಡಿಂಗಿನ ತೇಪೆ ಇದೆಯೇ ಎಂದು ಬೆಳಕು ಓರೆಯಾಗಿ ಹಿಡಿದು ನೋಡಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಸ್ ಉದ್ದಕ್ಕೂ ತಟ್ಟುತ್ತ ಹೋದರೆ ಗಟ್ಟಿ ಕಬ್ಬಿಣ ಗಂಟೆಯಂತೆ ನುಡಿಯುತ್ತದೆ, ಒಳಗೆ ತುಕ್ಕು ತಿಂದ ಜಾಗದಲ್ಲಿ ಧ್ವನಿ ಮಂದವಾಗಿ ಸತ್ತುಹೋಗುತ್ತದೆ. ಅಲ್ಲಿ ತುದಿಯಿಂದ ಒತ್ತಿದರೆ ಪದರು ಪದರಾಗಿ ಉದುರಬಹುದು. ಕೆಳಭಾಗಕ್ಕೆ ಮೊನ್ನೆಯಷ್ಟೇ ಹಚ್ಚಿದ ಹೊಸ ಕಪ್ಪು ಬಣ್ಣ ಕಂಡರೆ ಅನುಮಾನ ಪಡುವುದು ನ್ಯಾಯ. ಬಾಡಿಯ ಕೆಳಅಂಚಿಗೆ ಅಯಸ್ಕಾಂತ ಅಂಟದಿದ್ದರೆ ಅಲ್ಲಿ ತಗಡಿನ ಬದಲು ಪುಟ್ಟಿ ಇದೆ.

ಮುಂದಿನದು ಎಣ್ಣೆ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್‌ಗಳ ಎಣ್ಣೆ ಹಾಕುವ ಬೋಲ್ಟ್ ಬಿಚ್ಚಿಸಿ ಬೆರಳದ್ದಿ ನೋಡಬೇಕು. ಎಣ್ಣೆ ಹಾಲು ಹೆಚ್ಚಾದ ಚಹಾದಂತೆ ಕಂಡರೆ ಒಳಗೆ ನೀರು ಹೊಕ್ಕಿದೆ, ಅಂದರೆ ಗಾಡಿ ಆಳದ ನೀರಿನಲ್ಲಿ ನಿಂತಿತ್ತು ಮತ್ತು ಆಮೇಲೆ ಯಾರೂ ಎಣ್ಣೆ ಬದಲಿಸಿಲ್ಲ. ಬೆರಳುಗಳ ನಡುವೆ ಉಜ್ಜಿದಾಗ ಹರಳು ತಾಗಿದರೆ ಹಲ್ಲುಗಳು ಸವೆದು ಉದುರುತ್ತಿವೆ. ಮುಂದಿನ ಗಾಲಿಯನ್ನು ಜಾಕಿನಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಸಡಿಲ ಕಂಡರೆ ಬೇರಿಂಗ್ ಅಥವಾ ಕಿಂಗ್‌ಪಿನ್ (ಗಾಲಿ ಎಡಬಲ ತಿರುಗುವ ಗೂಟ) ಹೋಗಿದೆ. ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 2319 ಎಂದಿದ್ದರೆ 2019ರ 23ನೇ ವಾರ. ಆರು ವರ್ಷ ದಾಟಿದ ಟೈರು ಹಲ್ಲು ಎಷ್ಟು ಉಳಿದಿದ್ದರೂ ಗಟ್ಟಿಯಾಗಿರುತ್ತದೆ, ಹೊಸ ಜೋಡಿಯ ಬೆಲೆಯನ್ನು ಕಳೆದು ಮಾತಾಡಬೇಕು. ಕಂಪನಿ ಕೊಟ್ಟದ್ದಕ್ಕಿಂತ ಬಹಳ ದೊಡ್ಡ ಟೈರು ಹಾಕಿದ್ದರೆ ಸ್ಟಿಯರಿಂಗ್, ಬ್ರೇಕು, ಆಕ್ಸಲ್ ಎಲ್ಲದರ ಮೇಲೂ ಭಾರ ಬಿದ್ದಿರುತ್ತದೆ.

ಎಂಜಿನ್ ತಣ್ಣಗಿರುವಾಗ ಶುರುಮಾಡಿಸಿ, ಹಿಂದೆ ನಿಂತು ಹೊಗೆ ನೋಡಬೇಕು. ನೀಲಿ ಹೊಗೆ ನಿಲ್ಲದಿದ್ದರೆ ಎಣ್ಣೆ ಉರಿಯುತ್ತಿದೆ. ಎಣ್ಣೆ ಹಾಕುವ ಮುಚ್ಚಳ ಸಡಿಲಿಸಿದಾಗ ಒಳಗಿನ ಗಾಳಿ ಅದನ್ನು ಕುಣಿಸಿ ತಳ್ಳುವಂತಿದ್ದರೆ ಪಿಸ್ಟನ್ ರಿಂಗುಗಳು ಮುಗಿದಿವೆ. ರೇಡಿಯೇಟರಿನ ಸಂದುಗಳಲ್ಲಿ ಒಣಮಣ್ಣು ಕಟ್ಟಿದೆಯೇ ಎಂಬುದನ್ನೂ ನೋಡಿರಿ.

ಮಣ್ಣಿನ ಮೇಲಿನ ಪರೀಕ್ಷೆ

ಮೊದಲು ನಿಂತಲ್ಲೇ ಮಾಡುವ ಒಂದು ಪರೀಕ್ಷೆ ಇದೆ, ಇದನ್ನು ನಾನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇನೆ. ಸಮನೆಲದ ಮೇಲೆ, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಹಬ್ ಲಾಕ್ (ಮುಂದಿನ ಗಾಲಿಯನ್ನು ಆಕ್ಸಲಿಗೆ ಕೂಡಿಸುವ ಕೊಂಡಿ) ಇರುವ ಗಾಡಿಯಾದರೆ ಅದನ್ನು ಕೂಡಿಸಿ, ಫೋರ್ ಲೋದಲ್ಲಿ ಮೊದಲ ಗೇರಿಗೆ ಹಾಕಿ, ಎಂಜಿನ್ ಬಂದ್ ಇಟ್ಟು ಮುಂದಿನ ಒಂದು ಗಾಲಿಯನ್ನು ಮಾತ್ರ ಜಾಕಿನಿಂದ ಎತ್ತಬೇಕು. ಆ ಗಾಲಿಯನ್ನು ಕೈಯಿಂದ ತಿರುಗಿಸಲು ಹೋದರೆ ಸ್ವಲ್ಪ ಸಡಿಲಾಡಿ ನಿಲ್ಲಬೇಕು. ಸರಾಗವಾಗಿ ಸುತ್ತತೊಡಗಿದರೆ ಹಬ್‌ನಿಂದ ಟ್ರಾನ್ಸ್‌ಫರ್ ಕೇಸಿನವರೆಗೆ ಎಲ್ಲೋ ಒಂದು ಕೊಂಡಿ ಕಳಚಿದೆ ಎಂದೇ ಅರ್ಥ. ಇನ್ನೊಂದು ಬದಿಗೂ ಹೀಗೆಯೇ ಮಾಡಬೇಕು. ಜಾಕಿನ ಮೇಲಿರುವ ಗಾಡಿಯ ಕೆಳಗೆ ಮಾತ್ರ ಯಾರೂ ಹೋಗಕೂಡದು. ಗುಂಡಿ ತಿರುಗಿಸುವ ಅಥವಾ ತಾನಾಗಿ ಹಬ್ ಕೂಡುವ ಗಾಡಿಗಳಲ್ಲಿ ಎಂಜಿನ್ ಬಂದಾದಾಗ ಈ ಪರೀಕ್ಷೆ ತಪ್ಪು ಉತ್ತರ ಕೊಡಬಹುದು, ಅವುಗಳನ್ನು ಓಡಿಸಿಯೇ ನೋಡಬೇಕು.

ಓಡಿಸಿ ನೋಡುವುದಕ್ಕೆ ಒಣ ಚಕ್ಕಡಿ ದಾರಿ ಅಥವಾ ಬೇಸಿಗೆಯ ಕೆರೆಯಂಗಳದ ಅಂಚು ಸಾಕು. ಡಾಂಬರಿನ ಮೇಲೆ ಫೋರ್ ಬೈ ಫೋರ್ ಹಾಕಿ ತಿರುಗಿಸಬಾರದು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಗಾಲಿಗಳು ಬೇರೆ ಬೇರೆ ದೂರ ಸಾಗುತ್ತವೆ, ಸಡಿಲ ಮಣ್ಣಿನಲ್ಲಿ ಆ ವ್ಯತ್ಯಾಸ ಜಾರಿ ಹೋಗುತ್ತದೆ, ಗಟ್ಟಿ ರಸ್ತೆಯಲ್ಲಿ ಗೇರುಗಳ ಮೇಲೆ ಬೀಳುತ್ತದೆ. ಮಣ್ಣಿಗೆ ಇಳಿದ ಮೇಲೆ ನಿಧಾನವಾಗಿ ಫೋರ್ ಹೈ (ನಾಲ್ಕೂ ಗಾಲಿ, ಸಾಮಾನ್ಯ ವೇಗದ ಗೇರ್), ಆಮೇಲೆ ನಿಲ್ಲಿಸಿ ಫೋರ್ ಲೋ ಹಾಕಿ, ಒಬ್ಬರು ಹೊರಗೆ ನಿಂತು ಮುಂದಿನ ಗಾಲಿಗಳನ್ನೇ ನೋಡಲಿ. ಲೋದಲ್ಲಿ ಎಳೆಯುವಾಗ ಲಿವರ್ ತಾನಾಗಿ ಹೊರಕ್ಕೆ ಜಿಗಿದರೆ ಒಳಗಿನ ಹಲ್ಲುಗಳು ಸವೆದಿವೆ, ಅದು ದೊಡ್ಡ ಖರ್ಚು. ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿದಾಗ ಮುಂದಿನಿಂದ ಟಕ್ ಟಕ್ ಎಂಬ ಸಪ್ಪಳ ಬಂದರೆ ಆಕ್ಸಲಿನ ಜಾಯಿಂಟು ಹೋಗಿದೆ. ಹಿಂದಿರುಗುವಾಗ ಟೂ ಹೈಗೆ (ಹಿಂದಿನ ಎರಡು ಗಾಲಿಗೆ ಮಾತ್ರ) ಬದಲಿಸಿ, ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯಂಥ ನೇರ ರಸ್ತೆಯಲ್ಲಿ ಅರವತ್ತರ ವೇಗ ಮುಟ್ಟಿದಾಗ ಸ್ಟಿಯರಿಂಗ್ ನಡುಗುತ್ತದೆಯೇ ನೋಡಬೇಕು.

ದರ ಮತ್ತು ಮೊದಲ ವಾರ

ಕೈಯಲ್ಲಿರುವ ಹಣದ ಐದರಲ್ಲಿ ಒಂದು ಪಾಲನ್ನು ಬದಿಗಿಟ್ಟು ಉಳಿದದ್ದರಲ್ಲಿ ಗಾಡಿ ಹುಡುಕುವುದು ನನ್ನ ಸಲಹೆ. ಯಾವ ಹಳೆಯ ಫೋರ್ ಬೈ ಫೋರ್ ಕೂಡ ಮೊದಲ ಆರು ತಿಂಗಳಲ್ಲಿ ಆ ಪಾಲನ್ನು ಕೇಳಿಯೇ ಕೇಳುತ್ತದೆ. ಕಂಡ ದೋಷಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದು, ಒಂದೊಂದಕ್ಕೂ ಗ್ಯಾರೇಜಿನಲ್ಲಿ ದರ ಕೇಳಿಕೊಂಡು, ಅದನ್ನೇ ಮಾರುವವರ ಮುಂದಿಟ್ಟು ಮಾತಾಡಿದರೆ ಮಾತು ಸೌಜನ್ಯದಲ್ಲೇ ಮುಗಿಯುತ್ತದೆ. ಹಣ ಕೊಟ್ಟ ದಿನ ಮತ್ತು ಹೊತ್ತನ್ನು ಬರೆದು ಇಬ್ಬರೂ ಸಹಿ ಮಾಡಬೇಕು. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಎಂಜಿನ್ನಿಗೆ ನೀರು ಹೊಕ್ಕರೆ ಸಾಮಾನ್ಯ ವಿಮೆ ಅದನ್ನು ಭರಿಸುವುದಿಲ್ಲ, ಅದಕ್ಕೆ ಪ್ರತ್ಯೇಕವಾಗಿ ಸೇರಿಸಿಕೊಳ್ಳುವ ರಕ್ಷಣೆ ಇರುತ್ತದೆ.

ಮನೆಗೆ ತಂದ ಮೇಲೆ ಹಿಂದಿನವರು ಏನೇ ಹೇಳಿದ್ದರೂ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಡಿಫರೆನ್ಷಿಯಲ್, ಐದರ ಎಣ್ಣೆಯನ್ನೂ ಬದಲಿಸಿರಿ. ಮುಂದೆ ಮತ್ತು ಹಿಂದೆ ಗಟ್ಟಿಯಾದ ಎಳೆಯುವ ಕೊಕ್ಕೆ, ಒಂದು ಎಳೆಯುವ ಪಟ್ಟಿ, ಸಲಿಕೆ, ಟೈರಿನ ಗಾಳಿ ನೋಡುವ ಗೇಜು, ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಇವಿಷ್ಟು ಇಲ್ಲದೆ ಮಣ್ಣಿಗೆ ಇಳಿಯಬೇಡಿರಿ, ಮೊದಲ ಕೆಲವು ಸಲವಾದರೂ ಇನ್ನೊಂದು ಗಾಡಿಯ ಜೊತೆಗೇ ಹೋಗಿರಿ. ಉಸುಕು ಅಥವಾ ಸಡಿಲ ಮಣ್ಣಿನಲ್ಲಿ ಟೈರಿನ ಗಾಳಿಯನ್ನು ಹದಿನೆಂಟು ಪಿಎಸ್ಐ ಆಸುಪಾಸಿಗೆ ಇಳಿಸಿದರೆ ಎಷ್ಟೋ ಸಲ ಲೋ ಗೇರಿನ ಅಗತ್ಯವೇ ಬೀಳುವುದಿಲ್ಲ, ಆದರೆ ರಸ್ತೆಗೆ ಹತ್ತುವ ಮುನ್ನ ಮತ್ತೆ ತುಂಬಲೇಬೇಕು. ಎರೆಯಲ್ಲಿ ಓಡಾಡಿ ಬಂದ ದಿನವೇ, ಮಣ್ಣು ಒಣಗುವ ಮೊದಲು, ಮಡ್‌ಗಾರ್ಡಿನ ಒಳಗೂ ಚಾಸಿಸ್ಸಿನ ತೂತುಗಳೊಳಗೂ ಪೈಪು ಹಿಡಿದು ನೀರು ಬಿಡಬೇಕು. ತೂತಿನ ಕೆಳಗಿನಿಂದ ಹೊರಬರುವ ನೀರು ಮೊದಲು ಕರ್ರಗೆ, ಆಮೇಲೆ ಬೂದು ಬಣ್ಣದಲ್ಲಿ ಬರುತ್ತದೆ. ಅದು ತಿಳಿಯಾಗಿ ಹರಿಯುವವರೆಗೆ ಪೈಪು ತೆಗೆಯಬೇಡಿರಿ.